ಬಾಲಿಯ ಕೋವರ್ಕಿಂಗ್ ಸ್ಪೇಸ್‌ನಲ್ಲಿ ಕುಳಿತು ದೂರದ ಕಚೇರಿಯ ಕೆಲಸ: ಹಂತ ಹಂತದ ಮಾರ್ಗದರ್ಶಿ

ಬಾಲಿಗೆ ಹೋಗಿ ಒಂದೆರಡು ತಿಂಗಳು ಅಲ್ಲಿಂದಲೇ ಕಚೇರಿಯ ಕೆಲಸ ಮಾಡಬಹುದೇ, ಅದಕ್ಕೆ ಯಾವ ವೀಸಾ ಬೇಕು, ಮೀಟಿಂಗಿನ ನಡುವೆ ಇಂಟರ್ನೆಟ್ ಕೈಕೊಟ್ಟರೆ ಏನು ಗತಿ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ, ಮೊದಲಿನಿಂದ ಕೊನೆಯವರೆಗೆ ಏನೇನು ಮಾಡಬೇಕೆಂಬುದನ್ನು ಒಂದೇ ಕಡೆ ಬರೆದಿಡುವುದು ಉಪಯುಕ್ತವೆನಿಸಿತು.

ಸಾಮಾನ್ಯವಾಗಿ ಜನರು ಮೊದಲು ವಿಮಾನದ ಟಿಕೆಟ್ ತೆಗೆಯುತ್ತಾರೆ, ಆಮೇಲೆ ಚಿತ್ರ ನೋಡಿ ಮನೆ ಹಿಡಿಯುತ್ತಾರೆ, ಕೆಲಸಕ್ಕೆ ಕೂರುವ ಜಾಗವನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎನ್ನುತ್ತಾರೆ. ದ್ವೀಪದಿಂದ ಕೆಲಸ ಮಾಡುವಾಗ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ಈ ಕ್ರಮದಿಂದಲೇ ಹುಟ್ಟುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಅನುಮತಿ, ಅನಂತರ ವೀಸಾ, ಆಮೇಲೆ ಕೋವರ್ಕಿಂಗ್ ಸ್ಪೇಸ್‌ನಲ್ಲಿ, ಎಂದರೆ ಬೇರೆ ಬೇರೆ ಸಂಸ್ಥೆಗಳ ಜನ ಹಣ ಕೊಟ್ಟು ಹಂಚಿಕೊಳ್ಳುವ ಕಚೇರಿಯಲ್ಲಿ, ಕೆಲಸದ ಮೇಜು, ಕೊನೆಗೆ ಮನೆ. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

1. ಕೆಲಸ ಕೊಟ್ಟವರಿಂದ ಲಿಖಿತ ಅನುಮತಿ ಪಡೆಯಿರಿ

ಮನೆಯಿಂದ ಕೆಲಸ ಮಾಡಲು ಒಪ್ಪಿರುವ ಸಂಸ್ಥೆ ಬೇರೆ ದೇಶದಿಂದ ಕೆಲಸ ಮಾಡಲೂ ಒಪ್ಪಿದೆ ಎಂದು ಭಾವಿಸಬೇಡಿ. ಉದ್ಯೋಗಿಯೊಬ್ಬರು ಬೇರೆ ದೇಶದಲ್ಲಿ ದೀರ್ಘಕಾಲ ಕುಳಿತು ಕೆಲಸ ಮಾಡಿದರೆ, ಆ ದೇಶದಲ್ಲಿ ಸಂಸ್ಥೆಗೂ ತೆರಿಗೆಯ ಹೊಣೆ ಬರುವ ಸಾಧ್ಯತೆ ಇರುತ್ತದೆ. ಗ್ರಾಹಕರ ದತ್ತಾಂಶವನ್ನು ದೇಶದ ಗಡಿಯಾಚೆಗೆ ತೆರೆಯಬಾರದೆಂಬ ಷರತ್ತು ಒಪ್ಪಂದದಲ್ಲಿ ಇರಬಹುದು. ಸಂಸ್ಥೆಯ ಆರೋಗ್ಯ ವಿಮೆ ಹೊರದೇಶದಲ್ಲಿ ಅನ್ವಯಿಸದೆಯೂ ಇರಬಹುದು. ಆದ್ದರಿಂದ ಯಾವ ದಿನದಿಂದ ಯಾವ ದಿನದವರೆಗೆ, ಯಾವ ಸ್ಥಳದಿಂದ, ಯಾವ ಸಮಯದಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನು ಇಮೇಲ್‌ನಲ್ಲಿ ಬರೆದು ಒಪ್ಪಿಗೆ ಪಡೆಯಿರಿ.

ಇದೇ ವೇಳೆ ಐಟಿ ವಿಭಾಗವನ್ನೂ ಕೇಳಿ. ಅನೇಕ ಸಂಸ್ಥೆಗಳು ವಿಪಿಎನ್ ಮೂಲಕವೇ, ಎಂದರೆ ನಿಮ್ಮ ಕಂಪ್ಯೂಟರಿನಿಂದ ಸಂಸ್ಥೆಯ ಜಾಲಕ್ಕೆ ಹೋಗುವ ಗೂಢಲಿಪಿಯ ಸುರಕ್ಷಿತ ಸಂಪರ್ಕದ ಮೂಲಕವೇ ಕೆಲಸ ಮಾಡಿಸುತ್ತವೆ. ಅಪರಿಚಿತ ದೇಶದಿಂದ ಲಾಗಿನ್ ಆದ ಕೂಡಲೇ ಖಾತೆ ತಾನಾಗಿಯೇ ಲಾಕ್ ಆಗುವಂತೆ ಕೆಲವೆಡೆ ಏರ್ಪಾಡು ಇರುತ್ತದೆ. ಭಾನುವಾರ ಬಾಲಿಗೆ ಇಳಿದು ಸೋಮವಾರ ಬೆಳಿಗ್ಗೆ ಖಾತೆ ತೆರೆಯದೆ ಕೂರುವ ಪರಿಸ್ಥಿತಿಯನ್ನು ಹೊರಡುವ ಮುನ್ನ ಕಳುಹಿಸುವ ಒಂದು ಇಮೇಲ್ ತಪ್ಪಿಸುತ್ತದೆ.

2. ವೀಸಾ, ಶುಲ್ಕ ಮತ್ತು ತೆರಿಗೆ

ಭಾರತದ ಪಾಸ್‌ಪೋರ್ಟ್ ಸೇರಿದಂತೆ ಹಲವು ದೇಶಗಳ ಪಾಸ್‌ಪೋರ್ಟ್ ಇರುವವರಿಗೆ ಇಂಡೊನೇಷ್ಯಾ ‘ವೀಸಾ ಆನ್ ಅರೈವಲ್’ ಕೊಡುತ್ತದೆ. ಅದರ ಶುಲ್ಕ 5 ಲಕ್ಷ ರುಪಿಯಾ, ಅವಧಿ 30 ದಿನ. ಒಂದು ಬಾರಿ ಮಾತ್ರ ಇನ್ನೂ 30 ದಿನಕ್ಕೆ ವಿಸ್ತರಿಸಿಕೊಳ್ಳಬಹುದು. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಮಾನ್ಯತೆ ಉಳಿದಿರಬೇಕು, ದೇಶ ಬಿಟ್ಟು ಹೊರಡುವ ಟಿಕೆಟ್ ಕೈಯಲ್ಲಿರಬೇಕು. ಆದರೆ ಇದು ಪ್ರವಾಸ, ಬಂಧುಗಳ ಭೇಟಿ, ವ್ಯವಹಾರದ ಸಭೆಗಳಂಥ ಉದ್ದೇಶಗಳಿಗಾಗಿ ಇರುವ ವೀಸಾ. ಇದರ ಮೇಲೆ ಉದ್ಯೋಗ ಮಾಡುವಂತಿಲ್ಲ.

ಹೊರದೇಶದ ಸಂಸ್ಥೆಗೆ ದೂರದಿಂದ ಕೆಲಸ ಮಾಡುವವರಿಗೆಂದೇ ಇಂಡೊನೇಷ್ಯಾ ಇ33ಜಿ ಎಂಬ ವೀಸಾವನ್ನು ಜಾರಿಗೆ ತಂದಿದೆ. ಇದು ಒಂದು ವರ್ಷದ ವಾಸಕ್ಕೆ ಅವಕಾಶ ಕೊಡುತ್ತದೆ. ಇದಕ್ಕೆ ಇಂಡೊನೇಷ್ಯಾದ ಹೊರಗಿನ ಸಂಸ್ಥೆಯೊಂದಿಗಿನ ಉದ್ಯೋಗ ಒಪ್ಪಂದ, ವರ್ಷಕ್ಕೆ ಕನಿಷ್ಠ 60,000 ಅಮೆರಿಕನ್ ಡಾಲರ್ ಆದಾಯದ ಪುರಾವೆ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಈ ವೀಸಾದಲ್ಲಿರುವಾಗ ಇಂಡೊನೇಷ್ಯಾದ ಯಾವುದೇ ವ್ಯಕ್ತಿ ಅಥವಾ ಸಂಸ್ಥೆಯಿಂದ ಸಂಬಳವಾಗಲಿ ಸಂಭಾವನೆಯಾಗಲಿ ಪಡೆಯುವಂತಿಲ್ಲ. ಪರಿಚಯದ ಕೆಫೆಗೆ ಹಣ ಪಡೆದು ವೆಬ್‌ಸೈಟ್ ಮಾಡಿಕೊಡುವುದೂ, ಕೋವರ್ಕಿಂಗ್ ಸ್ಪೇಸ್‌ನಲ್ಲಿ ಶುಲ್ಕ ತೆಗೆದುಕೊಂಡು ತರಬೇತಿ ನಡೆಸುವುದೂ ಉಲ್ಲಂಘನೆಯೇ.

ಅರ್ಜಿಯನ್ನು ಇಂಡೊನೇಷ್ಯಾದ ವಲಸೆ ಇಲಾಖೆಯ ಅಧಿಕೃತ ಇ-ವೀಸಾ ಜಾಲತಾಣದಲ್ಲೇ ಸಲ್ಲಿಸಿ. ಅದನ್ನೇ ಹೋಲುವ, ಹೆಚ್ಚು ಹಣ ಕೀಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಕಾಣಿಸಿಕೊಳ್ಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರಿ ತಾಣದ ಗುರುತಿದೆಯೇ ಎಂದು ನೋಡಿಕೊಳ್ಳಿ. ವಿಮಾನ ಹತ್ತುವ ಮುನ್ನ ಆಗಮನ ಘೋಷಣೆಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇದಲ್ಲದೆ, 2024ರ ಫೆಬ್ರವರಿ 14ರಿಂದ ಬಾಲಿ ಪ್ರಾಂತ್ಯವು ಪ್ರತಿ ವಿದೇಶಿ ಪ್ರವಾಸಿಗನಿಂದ 1.5 ಲಕ್ಷ ರುಪಿಯಾ ಶುಲ್ಕ ಪಡೆಯುತ್ತಿದೆ. ಇದು ವೀಸಾ ಶುಲ್ಕದಿಂದ ಬೇರೆ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಬೇಕು. ಅವಧಿ ಮೀರಿ ಉಳಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ; 60 ದಿನ ದಾಟಿದರೆ ಗಡಿಪಾರು ಮತ್ತು ಮರುಪ್ರವೇಶಕ್ಕೆ ನಿಷೇಧ. ಇಳಿದ ದಿನವೂ ಒಂದು ದಿನವೆಂದೇ ಎಣಿಕೆಯಾಗುವುದರಿಂದ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿ. ಇನ್ನೊಂದು ತೆರಿಗೆಯ ಮಾತು: ಹನ್ನೆರಡು ತಿಂಗಳ ಅವಧಿಯಲ್ಲಿ 183 ದಿನಕ್ಕಿಂತ ಹೆಚ್ಚು ಇಂಡೊನೇಷ್ಯಾದಲ್ಲಿ ಇದ್ದವರು ಅಲ್ಲಿನ ತೆರಿಗೆ ನಿವಾಸಿಗಳೆಂದು ಪರಿಗಣಿತರಾಗುತ್ತಾರೆ. ಒಂದು ವರ್ಷದ ವೀಸಾ ಸಿಕ್ಕಿದೆಯೆಂದು ಇಡೀ ವರ್ಷ ಇರಲು ಹೊರಡುವ ಮುನ್ನ ಲೆಕ್ಕಪರಿಶೋಧಕರೊಬ್ಬರ ಸಲಹೆ ಪಡೆಯಿರಿ.

3. ಗಡಿಯಾರ ಮತ್ತು ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡಿ

ಬಾಲಿಯ ಸಮಯ ಗ್ರೀನಿಚ್ ಸಮಯಕ್ಕಿಂತ 8 ಗಂಟೆ ಮುಂದೆ. ಭಾರತದ ಕಚೇರಿಗೆ ಕೆಲಸ ಮಾಡುವವರಿಗೆ ವ್ಯತ್ಯಾಸ ಎರಡೂವರೆ ಗಂಟೆ. ಭಾರತದ ಬೆಳಿಗ್ಗೆ 10 ಬಾಲಿಯ ಮಧ್ಯಾಹ್ನ 12.30. ಇದು ಬಹಳ ಸುಖಕರ ಹೊಂದಾಣಿಕೆ, ಬೆಳಗಿನ ಹೊತ್ತೆಲ್ಲ ನಿಮ್ಮದಾಗುತ್ತದೆ. ಚಳಿಗಾಲದಲ್ಲಿ ಲಂಡನ್ನಿನ ಬೆಳಿಗ್ಗೆ 9 ಎಂದರೆ ಬಾಲಿಯ ಸಂಜೆ 5. ಕೆಲಸ ಮುಗಿಯುವುದು ನಡುರಾತ್ರಿ ದಾಟಿದ ಮೇಲೆ. ನ್ಯೂಯಾರ್ಕಿನ ಚಳಿಗಾಲದ ಬೆಳಿಗ್ಗೆ 9 ಬಾಲಿಯ ರಾತ್ರಿ 10. ಪೂರ್ಣ ಅಮೆರಿಕನ್ ವೇಳೆಯಲ್ಲಿ ಕೆಲಸ ಮಾಡಬೇಕಾದವರಿಗೆ ನಾನು ಬಾಲಿಯನ್ನು ಶಿಫಾರಸು ಮಾಡುವುದಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು, ಹಗಲಿನ ಸೆಕೆಯಲ್ಲಿ, ಬೀದಿಯ ಸದ್ದಿನ ನಡುವೆ ಮಲಗುವುದನ್ನು ದೇಹ ಬಹಳ ದಿನ ತಾಳುವುದಿಲ್ಲ.

ಮಳೆಗಾಲ ಸರಿಸುಮಾರು ನವೆಂಬರಿನಿಂದ ಮಾರ್ಚ್‌ವರೆಗೆ ಇರುತ್ತದೆ. ರಸ್ತೆಗೆ ನೀರು ನುಗ್ಗುವುದು, ಕರೆಂಟು ಹೋಗುವುದು ಈ ತಿಂಗಳುಗಳಲ್ಲಿ ಹೆಚ್ಚು. ಮೊದಲ ಬಾರಿ ಹೋಗುವವರು ಏಪ್ರಿಲ್‌ನಿಂದ ಅಕ್ಟೋಬರ್ ನಡುವಿನ ಒಣ ಹವೆಯ ದಿನಗಳನ್ನು ಆರಿಸಿಕೊಳ್ಳುವುದು ಮೇಲು.

ಕ್ಯಾಲೆಂಡರಿನಲ್ಲಿ ತಪ್ಪದೆ ಗುರುತಿಸಬೇಕಾದ ದಿನ ನ್ಯೆಪಿ. ಬಾಲಿಯ ಶಕ ಪಂಚಾಂಗದ ಹೊಸ ವರ್ಷದ ಈ ಮೌನದ ದಿನ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುತ್ತದೆ. ಅಂದು ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ವಿಮಾನ ನಿಲ್ದಾಣ ಮುಚ್ಚಿರುತ್ತದೆ, ವಿದೇಶಿಯರೂ ಸೇರಿ ಯಾರೂ ಬೀದಿಗೆ ಇಳಿಯುವಂತಿಲ್ಲ, ರಾತ್ರಿ ಹೊರಗೆ ಬೆಳಕು ಕಾಣಬಾರದು. 2018ರಿಂದ ಅಂದು ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸಲಾಗುತ್ತಿದೆ. ಕೋವರ್ಕಿಂಗ್ ಸ್ಪೇಸ್‌ಗಳು ತೆರೆಯುವುದಿಲ್ಲ. ಆ ದಿನಕ್ಕೆ ಮೊದಲೇ ರಜೆ ಹಾಕಿ, ಹಿಂದಿನ ದಿನವೇ ಊಟಕ್ಕೆ ಬೇಕಾದದ್ದನ್ನು ತಂದಿಟ್ಟುಕೊಳ್ಳಿ. ದ್ವೀಪದ ಜನ ಅಷ್ಟು ಶ್ರದ್ಧೆಯಿಂದ ಕಾಪಾಡಿಕೊಂಡಿರುವ ಮೌನವನ್ನು ಕರೆಯೊಂದಕ್ಕಾಗಿ ಮುರಿಯುವ ದಾರಿ ಹುಡುಕುವುದು ಸರಿಯಲ್ಲ.

4. ಪ್ರದೇಶವನ್ನು ಆರಿಸಿ

ದೂರದಿಂದ ಕೆಲಸ ಮಾಡುವವರು ಸೇರುವ ಮುಖ್ಯ ಜಾಗಗಳು ಚಾಂಗು, ಉಬುಡ್, ಸಾನುರ್ ಮತ್ತು ದಕ್ಷಿಣ ತುದಿಯ ಉಲುವಾಟು. ಕೋವರ್ಕಿಂಗ್ ಸ್ಪೇಸ್‌ಗಳ ಆಯ್ಕೆ ಅತಿ ಹೆಚ್ಚಿರುವುದು ಚಾಂಗುವಿನಲ್ಲಿ. ಇಕ್ಕಟ್ಟಾದ ರಸ್ತೆ, ವಾಹನದಟ್ಟಣೆ ಮತ್ತು ನಿಲ್ಲದ ಕಟ್ಟಡ ಕಾಮಗಾರಿಯೂ ಅಲ್ಲೇ. ಉಬುಡ್ ಸಮುದ್ರದಿಂದ ದೂರ, ಭತ್ತದ ಗದ್ದೆಗಳ ನಡುವಿನ ಊರು. 2013ರಲ್ಲಿ ಬಿದಿರಿನ ಕಟ್ಟಡದಲ್ಲಿ ಶುರುವಾದ ಹುಬುಡ್ ಎಂಬ ಕೋವರ್ಕಿಂಗ್ ಸ್ಪೇಸ್ ಈ ಬಗೆಯ ಬದುಕಿಗೆ ಬಾಲಿಯಲ್ಲಿ ಹೆಸರು ತಂದದ್ದು ಇಲ್ಲಿಯೇ. ಸಾನುರ್ ಶಾಂತವಾದ ಪೂರ್ವ ಕರಾವಳಿ, ಕುಟುಂಬದೊಂದಿಗೆ ಹೋಗುವವರಿಗೆ ಒಪ್ಪುತ್ತದೆ. ಉಲುವಾಟುವಿನಲ್ಲಿ ಸ್ಥಳದಿಂದ ಸ್ಥಳಕ್ಕೆ ದೂರ ಹೆಚ್ಚು, ವಾಹನವಿಲ್ಲದೆ ಕಷ್ಟ.

ಒಂದು ಊರಿನಲ್ಲಿ ಮನೆ ಮಾಡಿ ಇನ್ನೊಂದು ಊರಿನಲ್ಲಿ ಕೆಲಸಕ್ಕೆ ಕೂರುವ ಯೋಚನೆಯನ್ನು ಬಿಟ್ಟುಬಿಡಿ. ನಕ್ಷೆಯಲ್ಲಿ ಹತ್ತಿರ ಕಾಣುವ ದೂರ ಸಂಜೆಯ ಹೊತ್ತು ಗಂಟೆ ದಾಟುತ್ತದೆ. ದೇವಾಲಯದ ಮೆರವಣಿಗೆ ಇದ್ದ ದಿನ ರಸ್ತೆಯೇ ಮುಚ್ಚಿರುತ್ತದೆ.

5. ಕೋವರ್ಕಿಂಗ್ ಸ್ಪೇಸ್ ಆರಿಸುವುದು

ಮೊದಲು ಯೋಜನೆಗಳ ಹೆಸರುಗಳನ್ನು ತಿಳಿದುಕೊಳ್ಳಿ. ‘ಡೇ ಪಾಸ್’ ಒಂದು ದಿನದ ಪ್ರವೇಶ. ‘ಹಾಟ್ ಡೆಸ್ಕ್’ ಎಂದರೆ ಖಾಲಿ ಇರುವ ಯಾವ ಮೇಜಿನಲ್ಲಾದರೂ ಕೂರುವ ಹಕ್ಕು. ದಿನದ ಕೊನೆಗೆ ಎಲ್ಲವನ್ನೂ ಎತ್ತಿಕೊಂಡು ಹೊರಡಬೇಕು. ‘ಡೆಡಿಕೇಟೆಡ್ ಡೆಸ್ಕ್’ ನಿಮಗೇ ಮೀಸಲಾದ ಮೇಜು. ಮಾನಿಟರ್ ಇಟ್ಟು ಹೋಗಬಹುದು. ಹಲವು ಕಡೆ ತಿಂಗಳಿಗೆ ಇಷ್ಟು ಗಂಟೆ ಎಂಬ ಲೆಕ್ಕದ ಯೋಜನೆಗಳಿರುತ್ತವೆ. ಇಲ್ಲಿ ಎಡವುವವರು ಬಹಳ: ದಿನಕ್ಕೆ ಎಂಟು ಗಂಟೆಯಂತೆ ವಾರಕ್ಕೆ ಐದು ದಿನ ಕೂರುವವರಿಗೆ ತಿಂಗಳಿಗೆ 160 ಗಂಟೆಗೂ ಹೆಚ್ಚು ಬೇಕು. ಊಟಕ್ಕೆ ಹೊರಗೆ ಹೋದಾಗಲೂ ಗಂಟೆ ಓಡುತ್ತದೆಯೇ, ಉಳಿದ ಗಂಟೆ ಮುಂದಿನ ತಿಂಗಳಿಗೆ ಸಲ್ಲುತ್ತದೆಯೇ ಎಂದು ಕೇಳಿಯೇ ಹಣ ಕಟ್ಟಿ.

ಹಣ ಕಟ್ಟುವ ಮುನ್ನ ಕೇಳಲೇಬೇಕಾದ ಇನ್ನಷ್ಟು ಪ್ರಶ್ನೆಗಳಿವೆ. ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಸಂಪರ್ಕ ಇದೆಯೇ, ಒಂದು ಹೋದರೆ ಇನ್ನೊಂದು ತಾನಾಗಿಯೇ ಬರುತ್ತದೆಯೇ? ಜನರೇಟರ್ ಇದೆಯೇ, ಇದ್ದರೆ ಅದು ಶುರುವಾಗುವವರೆಗೆ ರೂಟರ್‌ಗಳನ್ನು ಜೀವಂತವಾಗಿಡುವ ಯುಪಿಎಸ್ ಇದೆಯೇ? ಜನರೇಟರ್ ಮಾತ್ರ ಇದ್ದು ಯುಪಿಎಸ್ ಇಲ್ಲದಿದ್ದರೆ, ಕರೆಂಟು ಹೋದಾಗಲೆಲ್ಲ ರೂಟರ್ ಆರಿ ಮತ್ತೆ ಹೊತ್ತಿಕೊಳ್ಳುವ ಒಂದೆರಡು ನಿಮಿಷ ನಿಮ್ಮ ಮೀಟಿಂಗ್ ಕಡಿದುಹೋಗುತ್ತದೆ. ಇದು ಕಾಲ್ಪನಿಕ ಭಯವಲ್ಲ. ಬಾಲಿಗೆ ವಿದ್ಯುತ್ತಿನ ಒಂದು ಪಾಲು ಜಾವಾದಿಂದ ಸಮುದ್ರದಡಿಯ ಕೇಬಲ್ ಮೂಲಕ ಬರುತ್ತದೆ; 2025ರ ಮೇ 2ರಂದು ಇಡೀ ದ್ವೀಪದಲ್ಲಿ ಗಂಟೆಗಟ್ಟಲೆ ಕರೆಂಟು ಇರಲಿಲ್ಲ.

ಆಮೇಲೆ ಕರೆ ಕೋಣೆಗಳು, ಎಂದರೆ ಒಬ್ಬರೇ ಕುಳಿತು ವಿಡಿಯೊ ಕರೆ ಮಾಡಲು ಇರುವ ಚಿಕ್ಕ ಗಾಜಿನ ಗೂಡುಗಳು. ನಿಮ್ಮ ಕೆಲಸ ಹೆಚ್ಚಾಗಿ ಮಾತಿನದ್ದಾದರೆ, ಸಮುದ್ರದ ನೋಟಕ್ಕಿಂತ ಈ ಗೂಡುಗಳ ಸಂಖ್ಯೆ ಮುಖ್ಯ. ಮೊದಲೇ ಕಾದಿರಿಸಬಹುದೇ, ಒಮ್ಮೆಗೆ ಎಷ್ಟು ಹೊತ್ತು ಇರಬಹುದು ಎಂದು ವಿಚಾರಿಸಿ. ಯುರೋಪಿನ ಕಚೇರಿಗಳು ತೆರೆಯುವ ಹೊತ್ತಿಗೆ, ಎಂದರೆ ಬಾಲಿಯ ಮಧ್ಯಾಹ್ನ 3ರ ಬಳಿಕ, ಎಲ್ಲ ಗೂಡುಗಳೂ ಭರ್ತಿಯಾಗುತ್ತವೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕುಳಿತು ನೋಡಿ. ಗಾಳಿ ಆಡದ ಗೂಡಾದರೆ ಅಷ್ಟರಲ್ಲೇ ಬೆನ್ನಿಗೆ ಅಂಗಿ ಅಂಟುತ್ತದೆ. ಗ್ರಾಹಕರ ಮುಂದೆ ಒಂದು ಗಂಟೆ ಹಾಗೆ ಕೂರುವುದು ಅಸಾಧ್ಯ.

ಚಿತ್ರಗಳಲ್ಲಿ ಮನಸೆಳೆಯುವ ಬಿದಿರಿನ ತೆರೆದ ಸಭಾಂಗಣಗಳ ಬಗ್ಗೆ ಒಂದು ಮಾತು. ಅವು ಸುಂದರ, ಓದಲು ಬರೆಯಲು ಹಿತ. ಆದರೆ ಪರದೆಯ ಮೇಲೆ ಬೆಳಕು ಬೀಳುತ್ತದೆ, ಮಧ್ಯಾಹ್ನ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಮಳೆಯ ಸದ್ದಿಗೆ ಮಾತು ಕೇಳಿಸುವುದಿಲ್ಲ. ಏಸಿ ಇರುವ ಮುಚ್ಚಿದ ಕೋಣೆಯೂ ಇರುವ ಜಾಗವನ್ನೇ ಆರಿಸಿ. ಕುರ್ಚಿಯನ್ನು ಮರೆಯಬೇಡಿ: ಬೆನ್ನಿಗೆ ಆಸರೆ ಕೊಡುವ, ಎತ್ತರ ಹೊಂದಿಸಬಹುದಾದ ಕುರ್ಚಿಗಳು ಎಷ್ಟಿವೆ, ಅವು ಬೆಳಿಗ್ಗೆ 10ರ ಹೊತ್ತಿಗೆ ಉಳಿದಿರುತ್ತವೆಯೇ ಎಂದು ನೋಡಿ.

6. ಡೇ ಪಾಸ್ ಕೊಂಡು ಪರೀಕ್ಷಿಸಿ

ತಿಂಗಳ ಹಣವನ್ನು ಮೊದಲ ದಿನವೇ ಕಟ್ಟಬೇಡಿ. ಒಂದು ಡೇ ಪಾಸ್ ಕೊಂಡು, ನೀವು ನಿಜವಾಗಿ ಕೆಲಸ ಮಾಡುವ ಹೊತ್ತಿನಲ್ಲೇ ಹೋಗಿ ಕುಳಿತು ಇಂಟರ್ನೆಟ್ಟನ್ನು ಅಳೆಯಿರಿ. ಬೆಳಿಗ್ಗೆ 8ಕ್ಕೆ ಖಾಲಿ ಸಭಾಂಗಣದಲ್ಲಿ ಅಳೆದ ವೇಗದಿಂದ ಸಂಜೆ 5ರ ಪರಿಸ್ಥಿತಿ ತಿಳಿಯುವುದಿಲ್ಲ.

ಅಳೆಯಬೇಕಾದದ್ದು ಬರೀ ಡೌನ್‌ಲೋಡ್ ವೇಗವನ್ನಲ್ಲ. ಒಳ್ಳೆಯ ಗುಣಮಟ್ಟದ ವಿಡಿಯೊ ಕರೆಗೆ ಸೆಕೆಂಡಿಗೆ 4 ಮೆಗಾಬಿಟ್‌ನಷ್ಟು ವೇಗ ಎರಡೂ ದಿಕ್ಕಿನಲ್ಲಿ ಸಿಕ್ಕರೆ ಸಾಕು. ಕರೆ ಕೆಡುವುದು ಹೆಚ್ಚಾಗಿ ಬೇರೆ ಮೂರು ಕಾರಣಗಳಿಂದ. ಒಂದು ಲೇಟೆನ್ಸಿ: ಸಂದೇಶ ಹೋಗಿ ಉತ್ತರ ಮರಳಲು ಹಿಡಿಯುವ ಸಮಯ, ಇದನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಎರಡನೆಯದು ಜಿಟರ್: ಆ ಸಮಯ ಕ್ಷಣಕ್ಷಣಕ್ಕೂ ಏರುಪೇರಾಗುವುದು. ಮೂರನೆಯದು ಪ್ಯಾಕೆಟ್ ಲಾಸ್: ಕಳುಹಿಸಿದ ದತ್ತಾಂಶದ ತುಣುಕುಗಳು ದಾರಿಯಲ್ಲೇ ಕಳೆದುಹೋಗುವುದು. ಮಾತು ಲೋಹದ ಸದ್ದಿನಂತೆ ಕೇಳಿಸುವುದಕ್ಕೂ ಅಕ್ಷರಗಳು ನುಂಗಿಹೋಗುವುದಕ್ಕೂ ಸಾಮಾನ್ಯವಾಗಿ ಈ ಕೊನೆಯ ಎರಡೇ ಕಾರಣ.

ಲೇಟೆನ್ಸಿಯಲ್ಲಿ ಒಂದು ಪಾಲನ್ನು ಯಾರೂ ತಗ್ಗಿಸಲಾರರು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಸಾಗುತ್ತದೆ. ಬಾಲಿಯಿಂದ ನ್ಯೂಯಾರ್ಕ್ ಸುಮಾರು 16,000 ಕಿಲೊಮೀಟರ್ ದೂರ. ಹೋಗಿ ಬರಲು ಬೆಳಕಿಗೇ 160 ಮಿಲಿಸೆಕೆಂಡ್ ಬೇಕು. ಕೇಬಲ್‌ಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ 200 ದಾಟುತ್ತದೆ. ದೂರದ ಕಂಪ್ಯೂಟರಿನ ಪರದೆಯನ್ನೇ ಇಲ್ಲಿಂದ ನಡೆಸುವ ಕೆಲಸ ನಿಮ್ಮದಾದರೆ, ಕೀಲಿ ಒತ್ತಿದ ಮೇಲೆ ಅಕ್ಷರ ಮೂಡಲು ತಡವಾಗುವುದು ಕಣ್ಣಿಗೆ ಕಾಣುತ್ತದೆ. ಎಷ್ಟು ದುಬಾರಿ ಯೋಜನೆ ಕೊಂಡರೂ ಇದು ಸರಿಹೋಗುವುದಿಲ್ಲ.

ಪರೀಕ್ಷೆಯ ವಿಧಾನ ಸರಳ. ಸ್ಪೀಡ್ ಟೆಸ್ಟ್ ತಾಣದಲ್ಲಿ ಹತ್ತಿರದ ಸರ್ವರ್ ಬದಲು ನಿಮ್ಮ ಕಚೇರಿ ಇರುವ ನಗರದ ಸರ್ವರನ್ನು ಆರಿಸಿ ಅಳೆಯಿರಿ. ಆಮೇಲೆ ವಿಪಿಎನ್ ಹಾಕಿಕೊಂಡು ಮತ್ತೊಮ್ಮೆ ಅಳೆಯಿರಿ, ಏಕೆಂದರೆ ನೀವು ದಿನವೂ ಬಳಸುವುದು ಆ ದಾರಿಯನ್ನೇ. ಬಳಿಕ ಕಮಾಂಡ್ ವಿಂಡೋದಲ್ಲಿ ಪಿಂಗ್ ಆದೇಶವನ್ನು, ಎಂದರೆ ದೂರದ ಸರ್ವರಿಗೆ ಮತ್ತೆ ಮತ್ತೆ ಸಂದೇಶ ಕಳುಹಿಸಿ ಉತ್ತರ ಬರಲು ಹಿಡಿದ ಸಮಯವನ್ನು ಸಾಲುಸಾಲಾಗಿ ತೋರಿಸುವ ಆದೇಶವನ್ನು, ಅರ್ಧ ಗಂಟೆ ಓಡಲು ಬಿಟ್ಟು ಸಾಲುಗಳನ್ನು ಗಮನಿಸಿ: ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಸಂಪರ್ಕ ಗಟ್ಟಿ, ನಡುನಡುವೆ ಹಠಾತ್ತಾಗಿ ಮೇಲೇರಿದರೆ ಅಥವಾ ಉತ್ತರ ಬಾರದ ಸಾಲುಗಳು ಕಂಡರೆ ಆ ಮೇಜು ಬೇಡ. ಕೊನೆಗೆ ಸಹೋದ್ಯೋಗಿಯೊಬ್ಬರಿಗೆ ನಿಜವಾದ ವಿಡಿಯೊ ಕರೆ ಮಾಡಿ. ವೈಫೈ ಪಟ್ಟಿಯಲ್ಲಿ 5 ಗಿಗಾಹರ್ಟ್ಸ್ ಜಾಲವಿದ್ದರೆ ಅದನ್ನೇ ಹಿಡಿಯಿರಿ; ಜನ ತುಂಬಿದ ಕಡೆ 2.4 ಗಿಗಾಹರ್ಟ್ಸ್ ಜಾಲದಲ್ಲಿ ಅಡ್ಡಿ ಹೆಚ್ಚು.

7. ಎರಡನೆಯ ದಾರಿಯನ್ನು ಸಿದ್ಧವಾಗಿಡಿ

ಸ್ಥಳೀಯ ಸಿಮ್ ಅಥವಾ ಇ-ಸಿಮ್ ಒಂದನ್ನು ಹಾಕಿಸಿ, ಫೋನಿನ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪ್‌ಗೆ ಸಂಪರ್ಕ ಕೊಡುವುದನ್ನು ಮೊದಲೇ ಅಭ್ಯಾಸ ಮಾಡಿ. ಹೊರದೇಶದಿಂದ ತಂದ ಫೋನಿನ ಐಎಂಇಐ, ಎಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಇಂಡೊನೇಷ್ಯಾದಲ್ಲಿ ನೋಂದಣಿಯಾಗದಿದ್ದರೆ ಅಲ್ಲಿನ ಸಿಮ್ ಕೆಲಸ ಮಾಡುವುದಿಲ್ಲ. ಪ್ರವಾಸಿಗರಿಗೆ ಮೊಬೈಲ್ ಕಂಪನಿಯ ಮಳಿಗೆಯಲ್ಲೇ 90 ದಿನಕ್ಕೆ ನೋಂದಣಿ ಮಾಡಿಕೊಡುತ್ತಾರೆ. ಅದಕ್ಕಿಂತ ಹೆಚ್ಚು ದಿನ ಇರುವವರು ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಕಸ್ಟಮ್ಸ್ ವಿಭಾಗದಲ್ಲಿ ವಿಚಾರಿಸಬೇಕು.

ನಿಮ್ಮ ಊರಿನ ಸಿಮ್ಮನ್ನು ತೆಗೆದಿಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮುನ್ನ ರೋಮಿಂಗ್‌ನಲ್ಲಿ ಸಂದೇಶ ಬರುವಂತೆ ಮಾಡಿಕೊಳ್ಳಿ. ಸಾಧ್ಯವಿರುವ ಖಾತೆಗಳನ್ನೆಲ್ಲ ಸಿಮ್ ಇಲ್ಲದೆಯೇ ಫೋನಿನಲ್ಲಿ ಲಾಗಿನ್ ಸಂಕೇತ ತೋರಿಸುವ ಅಥೆಂಟಿಕೇಟರ್ ಆ್ಯಪ್‌ಗೆ ಬದಲಿಸಿ, ಆ ಖಾತೆಗಳು ಕೊಡುವ ತುರ್ತು ಸಂಕೇತಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫೋನ್ ಕಳೆದರೆ ಅದೊಂದೇ ದಾರಿ.

ಬಾಲಿಯಲ್ಲಿ ವಿದ್ಯುತ್ 230 ವೋಲ್ಟ್. ಗೋಡೆಯ ಸಾಕೆಟ್ಟಿಗೆ ಎರಡು ದುಂಡು ಕಡ್ಡಿಯ ಯುರೋಪಿಯನ್ ಪ್ಲಗ್ ಬೇಕು. ಸಡಿಲವಾಗಿ ಜೋಲುವ ಅಗ್ಗದ ಅಡಾಪ್ಟರ್ ಬೇಡ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್ ಒಳಗಿನದ್ದಾದರೆ ವಿಮಾನದಲ್ಲಿ ತಕರಾರಿಲ್ಲ.

8. ತೇವದಿಂದ ಸಾಧನಗಳನ್ನು ಕಾಪಾಡಿ

ಉಷ್ಣವಲಯದ ದ್ವೀಪದಲ್ಲಿ ಎಲೆಕ್ಟ್ರಾನಿಕ್ ಸಾಧನಗಳಿಗೆ ಬಿಸಿಲಿಗಿಂತ ತೇವವೇ ದೊಡ್ಡ ಶತ್ರು. ಗಂಟೆಗಟ್ಟಲೆ ಏಸಿಯಲ್ಲಿ ತಣ್ಣಗಾದ ಲ್ಯಾಪ್‌ಟಾಪನ್ನು ಹೊರಗಿನ ಬಿಸಿ ತೇವದ ಗಾಳಿಗೆ ತಂದ ಕೂಡಲೇ ಅದರ ಮೈಮೇಲೆ ಸಣ್ಣ ಹನಿಗಳು ಕಟ್ಟುತ್ತವೆ. ಏಸಿ ಕೋಣೆಯಿಂದ ಹೊರಬಂದಾಗ ಕನ್ನಡಕ ಮಸುಕಾಗುವುದೂ ಇದೇ ಕಾರಣಕ್ಕೆ. ಹೊರಡುವ ಮುನ್ನ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚೀಲದೊಳಗೆ ಹಾಕಿ ಜಿಪ್ ಎಳೆಯಿರಿ. ಹೊರಗೆ ಬಂದ ಮೇಲೆ ಅರ್ಧ ಗಂಟೆ ಚೀಲದಲ್ಲೇ ಬಿಟ್ಟು ಆಮೇಲೆ ತೆರೆಯಿರಿ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಸಮುದ್ರದ ದಡದಲ್ಲಿ ಉಪ್ಪು ಬೆರೆತ ಗಾಳಿ ಚಾರ್ಜಿಂಗ್ ಕಿಂಡಿಯ ಲೋಹವನ್ನು ತಿನ್ನುತ್ತದೆ, ಆದ್ದರಿಂದ ಮರಳಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುವುದು ಬೇಡ. ಕಡತಗಳ ಬ್ಯಾಕಪ್ ಇಂಟರ್ನೆಟ್ ಸಂಗ್ರಹದಲ್ಲೂ ಬೇರೆ ಡಿಸ್ಕ್‌ನಲ್ಲೂ ಇರಲಿ.

9. ಈಗ ಮನೆ, ಓಡಾಟ ಮತ್ತು ವಿಮೆ

ಮೇಜು ಗೊತ್ತಾದ ಮೇಲೆ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ ನೋಡಿ. ಮೊದಲ ನಾಲ್ಕೈದು ದಿನಕ್ಕೆ ಮಾತ್ರ ಅತಿಥಿಗೃಹ ಕಾದಿರಿಸಿ, ಅಲ್ಲಿದ್ದುಕೊಂಡೇ ಮನೆಗಳನ್ನು ಕಣ್ಣಾರೆ ಕಂಡು ಹಿಡಿಯುವುದು ಉತ್ತಮ. ಬೆಳಿಗ್ಗೆ 9ರ ಹೊತ್ತಿಗೆ ಹೋಗಿ ನಿಂತು ಕೇಳಿ: ಪಕ್ಕದ ನಿವೇಶನದಲ್ಲಿ ಕಾಂಕ್ರೀಟ್ ಕೊರೆಯುವ ಸದ್ದಿದ್ದರೆ ಅದು ನೀವು ಇರುವಷ್ಟು ತಿಂಗಳೂ ಇರುತ್ತದೆ. ಕೋಣೆಯ ಗೋಡೆಯ ಮೂಲೆ, ಹಾಸಿಗೆಯ ಹಿಂಬದಿಯಲ್ಲಿ ಬೂಷ್ಟು ಇದೆಯೇ ನೋಡಿ. ನೋಡದ ಮನೆಗೆ ತಿಂಗಳುಗಳ ಮುಂಗಡ ಕಳುಹಿಸಬೇಡಿ.

ಸ್ಕೂಟರ್ ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ಯಾರೂ ಪರವಾನಗಿ ಕೇಳುವುದಿಲ್ಲ. ಆದರೆ ದ್ವಿಚಕ್ರ ವಾಹನಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಓಡಿಸಿ ಅಪಘಾತವಾದರೆ ಪ್ರಯಾಣ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆಸ್ಪತ್ರೆಯ ಪೂರ್ತಿ ಖರ್ಚು ನಿಮ್ಮ ತಲೆಯ ಮೇಲೆ ಬರುತ್ತದೆ. ಓಡಿಸುವ ಅಭ್ಯಾಸವಿಲ್ಲದವರು ಕಲಿಯಲು ಬಾಲಿಯ ರಸ್ತೆಗಳನ್ನು ಆರಿಸಬಾರದು. ಗೊಜೆಕ್ ಮತ್ತು ಗ್ರ್ಯಾಬ್ ಆ್ಯಪ್‌ಗಳಲ್ಲಿ ಬೈಕೂ ಕಾರೂ ಸಿಗುತ್ತವೆ.

ವಿಮೆಯ ಪತ್ರವನ್ನು ಓದುವಾಗ ದ್ವಿಚಕ್ರ ವಾಹನದ ಅಪಘಾತ, ತುರ್ತು ಸ್ಥಳಾಂತರ, ಲ್ಯಾಪ್‌ಟಾಪ್ ಕಳವು ಈ ಮೂರನ್ನೂ ಹುಡುಕಿ. ನಲ್ಲಿಯ ನೀರು ಕುಡಿಯಬೇಡಿ. ಡೆಂಗಿ ಇರುವ ದ್ವೀಪವಾದ್ದರಿಂದ ಹಗಲಲ್ಲೂ ಸೊಳ್ಳೆಯಿಂದ ಕಾಪಾಡಿಕೊಳ್ಳಿ. 2008ರಿಂದ ಬಾಲಿಯಲ್ಲಿ ರೇಬೀಸ್ ಇದೆ. ನಾಯಿ ಅಥವಾ ಕೋತಿ ಕಚ್ಚಿದರೆ, ಪರಚಿದರೆ, ಗಾಯ ಎಷ್ಟೇ ಚಿಕ್ಕದಾಗಿದ್ದರೂ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಿ. ಮೀಟಿಂಗ್ ಇದೆಯೆಂದು ನಾಳೆಗೆ ಮುಂದೂಡಬೇಡಿ.

10. ಮರಳುವ ಟಿಕೆಟ್

ವೀಸಾ ಮುಗಿಯುವ ಕೊನೆಯ ದಿನಕ್ಕೆ ಟಿಕೆಟ್ ತೆಗೆಯಬೇಡಿ. 2017ರ ನವೆಂಬರಿನಲ್ಲಿ ಬಾಲಿಯ ಅಗುಂಗ್ ಜ್ವಾಲಾಮುಖಿಯ ಬೂದಿಯಿಂದ ವಿಮಾನ ನಿಲ್ದಾಣವೇ ಮುಚ್ಚಿತ್ತು. 2024ರ ನವೆಂಬರಿನಲ್ಲಿ ದೂರದ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದಾಗಲೂ ಬಾಲಿಯ ಅನೇಕ ವಿಮಾನಗಳು ರದ್ದಾದವು. ವೀಸಾ ಮುಗಿಯಲು ಕನಿಷ್ಠ ನಾಲ್ಕೈದು ದಿನ ಇರುವಾಗಲೇ ಹೊರಡುವಂತೆ ಟಿಕೆಟ್ ತೆಗೆಯಿರಿ, ಮರಳಿದ ಮರುದಿನವೇ ಮುಖ್ಯವಾದ ಮೀಟಿಂಗ್ ಇಟ್ಟುಕೊಳ್ಳಬೇಡಿ. ವಿಮಾನ ರದ್ದಾದರೆ ವಿಮಾನಯಾನ ಸಂಸ್ಥೆಯಿಂದ ಲಿಖಿತ ಪತ್ರ ಪಡೆದು ವೀಸಾ ಅವಧಿ ಮುಗಿಯುವ ಮೊದಲೇ ವಲಸೆ ಕಚೇರಿಗೆ ಖುದ್ದಾಗಿ ಹೋಗಿ ತಿಳಿಸಿ.